ಅರ್ಧ ಗೇಣು ಉದ್ದ, ಮುಕ್ಕಾಲು ಗೇಣು ಎತ್ತರ

ಮಾರುತಿ ಆಲ್ಟೊ ಕೆ10 ಕಾರಿನ ಉದ್ದ 3,530 ಮಿಲಿಮೀಟರ್. ಅದೇ ಕಂಪನಿಯ ವ್ಯಾಗನ್‌ಆರ್ ಉದ್ದ 3,655. ನಡುವಿನ ಅಂತರ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಈ ಅರ್ಧ ಗೇಣಿನ ಸುತ್ತ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಲ್ಲಿ ತಿಂಗಳುಗಟ್ಟಲೆ ಮಾತು ನಡೆಯುತ್ತದೆ. "ಸಣ್ಣದ ಸಾಕ ಬಿಡಪ್ಪಾ, ಎವರೇಜ್ ಚಲೋ ಕೊಡತೈತಿ" ಅನ್ನುತ್ತಾನೆ ಮಗ. "ಆಯೀನ್ನ ಎಲ್ಲಿ ಕುಂದರಸ್ತಿ?" ಅಂತ ಒಳಗಿನಿಂದ ತಾಯಿ ಕೇಳುತ್ತಾಳೆ. ಅಪ್ಪ ಕಬ್ಬಿನ ಬಿಲ್ಲಿನ ಲೆಕ್ಕದಲ್ಲಿರುತ್ತಾನೆ.

ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳಿಗೆ ಇವತ್ತಿಗೂ ರೈಲಿಲ್ಲ. ಕಿತ್ತೂರಿನ ಪಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗಿದೆ. ಉಳಿದ ಮೂರು ಊರುಗಳವರು ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆಗಳನ್ನೇ ನಂಬಬೇಕು. ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರ್, ರಾಮದುರ್ಗದಿಂದ ಜಿಲ್ಲಾ ಕೇಂದ್ರ ಬೆಳಗಾವಿ ಸುಮಾರು 100. ಹಗಲು ಬಸ್ಸಿದೆ. ರಾತ್ರಿ ಹತ್ತರ ಮೇಲೆ ಎದೆನೋವು ಬಂದವರಿಗೆ ಬಸ್ಸಿಲ್ಲ. ಹಾಗಾಗಿ ಇಲ್ಲಿ ಕಾರು ಕೊಳ್ಳುವ ಬಹಳ ಮನೆಗಳು ಅದನ್ನು ಶೋಕಿಗೆ ಕೊಳ್ಳುತ್ತಿಲ್ಲ. ಆದ್ದರಿಂದಲೇ ಆಯ್ಕೆ ಸರಿಯಾಗಬೇಕು ಎಂದು ನನಗೆ ಅನ್ನಿಸುತ್ತದೆ. ಹತ್ತು ವರ್ಷ ಒಂದೇ ಗಾಡಿ ಓಡಿಸುವ ಮನೆ ಇದು, ತಪ್ಪಿದರೆ ಮೂರು ವರ್ಷಕ್ಕೆ ಬದಲಿಸುವ ಮನೆಯಲ್ಲ.

ಮಗನ ಮಾತಿನಿಂದ ಶುರು ಮಾಡೋಣ. ಸಣ್ಣ ಗಾಡಿ ಹೆಚ್ಚು ಎವರೇಜ್ ಕೊಡುತ್ತದೆ ಎಂಬ ನಂಬಿಕೆ ಮಾರುತಿ 800 ಕಾಲದಿಂದ ಬಂದದ್ದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಅದರ ಮೊದಲ ಕಾರಿನ ಕೀಲಿಯನ್ನು ಗ್ರಾಹಕರ ಕೈಗೆ ಕೊಟ್ಟಾಗ ಎದುರಿಗಿದ್ದದ್ದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಅವುಗಳ ಮುಂದೆ 796 ಸಿಸಿಯ ಹಗುರ ಕಾರು ಅರ್ಧ ಪೆಟ್ರೋಲಿನಲ್ಲಿ ಓಡಿದಂತೆ ಕಂಡದ್ದು ಸಹಜ. ಇವತ್ತಿನ ಆಲ್ಟೊ ಮತ್ತು ವ್ಯಾಗನ್‌ಆರ್ ವಿಷಯದಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಎರಡರಲ್ಲೂ ಇರುವುದು ಒಂದೇ ಎಂಜಿನ್: 998 ಸಿಸಿ, ಮೂರು ಸಿಲಿಂಡರ್, ಸುಮಾರು 67 ಅಶ್ವಶಕ್ತಿ, 89 ನ್ಯೂಟನ್ ಮೀಟರ್ ಟಾರ್ಕ್. ಗೇರಿನ ಪೆಟ್ರೋಲ್ ಮಾದರಿಗೆ ಕಂಪನಿ ಹೇಳುವ ಮೈಲೇಜ್ ಆಲ್ಟೊದಲ್ಲಿ ಲೀಟರಿಗೆ 24.39 ಕಿಲೋಮೀಟರ್, ವ್ಯಾಗನ್‌ಆರ್‌ನಲ್ಲಿ 24.35. ಲೀಟರಿಗೆ ನಲವತ್ತು ಮೀಟರಿನ ವ್ಯತ್ಯಾಸ!

ಈ ಅಂಕಿಗಳು ಪ್ರಯೋಗಾಲಯದ ಉರುಳೆಗಳ ಮೇಲೆ ಬಂದವು. ಯರಗಟ್ಟಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತ, ಊರೂರಿಗೆ ಹಾಕಿರುವ ಹಂಪ್ಸ್ ದಾಟುತ್ತ ಹೋದರೆ ಎರಡೂ ಕಾರು ಅದಕ್ಕಿಂತ ಬಹಳ ಕಡಿಮೆ ಕೊಡುತ್ತವೆ. ಗಂಟೆಗೆ 80ರ ಮೇಲೆ ಓಡಿಸಿದರೆ ಎತ್ತರದ ವ್ಯಾಗನ್‌ಆರ್ ಹೆಚ್ಚು ಗಾಳಿಯನ್ನು ಸೀಳಬೇಕು, ಅಲ್ಲಿ ಆಲ್ಟೊಗೆ ಲಾಭವಿದೆ. ಆದರೆ ನಮ್ಮ ರಸ್ತೆಗಳಲ್ಲಿ ಆ ವೇಗ ಸಿಗುವುದು ಹೆದ್ದಾರಿಯಲ್ಲಿ ಮಾತ್ರ. ಹೀಗಾಗಿ ಎವರೇಜ್ ಎಂಬ ವಾದವನ್ನು ಮನೆಯ ಚರ್ಚೆಯಿಂದ ತೆಗೆದುಬಿಡಬಹುದು.

ಹಾಗಾದರೆ ವ್ಯಾಗನ್‌ಆರ್‌ಗೆ ಹೆಚ್ಚು ಕೊಡುವ ದುಡ್ಡು ಯಾವುದಕ್ಕೆ? ಅರ್ಧ ಗೇಣು ಉದ್ದಕ್ಕಂತೂ ಅಲ್ಲ. ಆಲ್ಟೊ ಎತ್ತರ 1,520 ಮಿಲಿಮೀಟರ್, ವ್ಯಾಗನ್‌ಆರ್ 1,675. ಹದಿನೈದೂವರೆ ಸೆಂಟಿಮೀಟರ್, ಮುಕ್ಕಾಲು ಗೇಣಿಗೆ ಸ್ವಲ್ಪ ಕಡಿಮೆ. ಅಗಲದಲ್ಲೂ 1,490ಕ್ಕೆ 1,620, ಅಂದರೆ 13 ಸೆಂಟಿಮೀಟರ್ ಹೆಚ್ಚು. ನಾವು ಕೊಳ್ಳುವುದು ಈ ಎತ್ತರ ಮತ್ತು ಅಗಲವನ್ನು.

ಎತ್ತರದ ಈ ಯೋಚನೆ ಹುಟ್ಟಿದ್ದು ಜಪಾನಿನ ತೆರಿಗೆ ಕಾನೂನಿನಲ್ಲಿ. ಅಲ್ಲಿ ಕೇ ಕಾರು ಎಂಬ ವರ್ಗವಿದೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ದಾಟದಿದ್ದರೆ ತೆರಿಗೆ ಕಡಿಮೆ. ಹಿಂದೆ ಈ ಮಿತಿಗಳು ಇನ್ನೂ ಬಿಗಿಯಾಗಿದ್ದವು. ಎತ್ತರಕ್ಕೆ ಮಾತ್ರ ಎರಡು ಮೀಟರ್‌ವರೆಗೆ ಅವಕಾಶವಿತ್ತು. 1979ರಲ್ಲಿ ಸುಝುಕಿ ಅಗ್ಗದ, ಗಿಡ್ಡ ಆಲ್ಟೊವನ್ನು ಇದೇ ವರ್ಗದಲ್ಲಿ ಹೊರತಂದಿತು. 1993ರಲ್ಲಿ ಅದೇ ಕಂಪನಿ ಉದ್ದಗಲಗಳನ್ನು ಬೆಳೆಸಲಾಗದೆ ಸೂರನ್ನು ಮೇಲಕ್ಕೆತ್ತಿತು, ಸೀಟನ್ನೂ ಎತ್ತರಿಸಿತು. ಕಾಲು ಚಾಚಿ ಕೂರುವ ಬದಲು ಕುರ್ಚಿಯ ಮೇಲೆ ಕೂತ ಹಾಗೆ ಕೂತರೆ ಮೊಣಕಾಲಿಗೆ ಕಡಿಮೆ ಉದ್ದ ಸಾಕಾಗುತ್ತದೆ. ಅದೇ ವ್ಯಾಗನ್‌ಆರ್. 1999ರ ಕೊನೆಯಲ್ಲಿ ಅದು ಭಾರತಕ್ಕೆ ಬಂತು, ಮರುವರ್ಷ ಆಲ್ಟೊ ಬಂತು. ಈಗ ಮಾರಾಟದಲ್ಲಿರುವ ವ್ಯಾಗನ್‌ಆರ್ 2019ರ ಜನವರಿಯದು, ಆಲ್ಟೊ ಕೆ10 ಹೊಸ ರೂಪದಲ್ಲಿ 2022ರ ಆಗಸ್ಟಿನಲ್ಲಿ ಬಂದದ್ದು.

ನಮ್ಮ ಸರ್ಕಾರವೂ ಅಳೆಯುವುದು ಉದ್ದವನ್ನೇ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಅದೇ ಅಳತೆಯ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ ಹೋಯಿತು. ಎತ್ತರಕ್ಕೆ ಇಲ್ಲೂ ತೆರಿಗೆಯಿಲ್ಲ.

ಇನ್ನು ತಾಯಿಯ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ.

ವಯಸ್ಸಾದವರು ಕಾರು ಹತ್ತುವುದನ್ನು ಗಮನವಿಟ್ಟು ನೋಡಿ. ಸೀಟು ಅವರ ಸೊಂಟದ ಮಟ್ಟಕ್ಕೆ ಹತ್ತಿರವಿದ್ದರೆ ಬೆನ್ನು ತಿರುಗಿಸಿ ಹಾಗೇ ಕೂರುತ್ತಾರೆ, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ಸೀಟು ತಗ್ಗಿನಲ್ಲಿದ್ದರೆ ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಕೈ ಮೊಮ್ಮಗನ ಹೆಗಲ ಮೇಲೆ ಇಟ್ಟು ಕೆಳಕ್ಕೆ ಕುಸಿಯಬೇಕು. ಕೂರುವುದಾದರೂ ಹೇಗೋ ಆಗುತ್ತದೆ, ಏಳುವುದು ಕಷ್ಟ. ಮೊಣಕಾಲು ಸವೆದವರಿಗೆ ದೇಹದ ಇಡೀ ಭಾರ ಬೀಳುವುದು ಆ ಕ್ಷಣದಲ್ಲೇ. ಜೀವಮಾನವೆಲ್ಲ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತ, ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ಮೊಣಕಾಲು ಅರವತ್ತಕ್ಕೆ ಹೇಗಿರುತ್ತದೆ ಎಂದು ಈ ಕಡೆಯ ಪ್ರತಿ ಮನೆಗೂ ಗೊತ್ತು. ಇಳಕಲ್ ಸೀರೆಯ ನಿರಿಗೆ ಹಿಡಿದುಕೊಂಡು ತಗ್ಗಿನ ಹಿಂದಿನ ಸೀಟಿನಿಂದ ಹೊರಬರುವುದು ಅವರಿಗೆ ಸಣ್ಣ ಕೆಲಸವಲ್ಲ. ಗಂಡಸರಿಗೆ ಇನ್ನೊಂದು ತೊಡಕು: ರುಮಾಲು ಸುತ್ತಿದ ಅಜ್ಜ ಗಿಡ್ಡ ಕಾರಿನಲ್ಲಿ ತಲೆ ಬಾಗಿಸಿಯೇ ಕೂರಬೇಕು, ಇಲ್ಲವೇ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು.

ಮನೆಯ ಕಾರು ವರ್ಷದಲ್ಲಿ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ದವಾಖಾನೆಯ ದಾರಿ ಮೇಲಕ್ಕೇ ಬರುತ್ತದೆ. ಧಾರವಾಡದ ಎಸ್‌ಡಿಎಂ, ಹುಬ್ಬಳ್ಳಿಯ ಕಿಮ್ಸ್, ಬೆಳಗಾವಿಯ ಕೆಎಲ್‌ಇ. ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಬೆನ್ನು, ಮೊಣಕಾಲು. ರಾಮದುರ್ಗದಿಂದ ಹೊರಟವರು ಎರಡು ತಾಸಿನ ಮೇಲೆ ಸೀಟಿನಲ್ಲಿರುತ್ತಾರೆ. ಆಪರೇಶನ್ ಆದವರನ್ನು ಮನೆಗೆ ಕರೆತರುವ ದಿನ ಆ ಮುಕ್ಕಾಲು ಗೇಣಿನ ಬೆಲೆ ತಿಳಿಯುತ್ತದೆ. ಮನೆಯಲ್ಲಿ ಅರವತ್ತು ದಾಟಿದವರಿದ್ದು, ಅವರು ಮೇಲಿಂದ ಮೇಲೆ ಕಾರು ಹತ್ತುವವರಾಗಿದ್ದರೆ ವ್ಯಾಗನ್‌ಆರ್ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಇದೇ ಕಾರಣಕ್ಕೆ, ಇನ್ನೊಂದಿಷ್ಟು ದುಡ್ಡು ಕೂಡಿಸಿ ಸ್ವಿಫ್ಟ್ ತೆಗೆದುಕೊಂಡರೆ ಇನ್ನೂ ಚಲೋ ಎಂಬ ಮಾತನ್ನು ಎಚ್ಚರದಿಂದ ಕೇಳಬೇಕು. ಸ್ವಿಫ್ಟ್ ಉದ್ದ 3,860 ಮಿಲಿಮೀಟರ್, ವ್ಯಾಗನ್‌ಆರ್‌ಗಿಂತ ಸುಮಾರು ಒಂದು ಗೇಣು ಹೆಚ್ಚು. ಎತ್ತರ ಮಾತ್ರ 1,520, ಆಲ್ಟೊದಷ್ಟೇ. ಸಾಮಾನಿಡುವ ಡಿಕ್ಕಿಯಲ್ಲಿ 265 ಲೀಟರ್ ಜಾಗ, ವ್ಯಾಗನ್‌ಆರ್‌ನಲ್ಲಿ 341. ಹೆಚ್ಚು ದುಡ್ಡು ಕೊಟ್ಟು ಉದ್ದದ ಕಾರು ತಂದ ಮನೆಯಲ್ಲಿ ಅಜ್ಜಿಗೆ ಹತ್ತಿ ಇಳಿಯುವುದು ಕಷ್ಟವಾಗಿ, ಚೀಲ ಇಡಲು ಜಾಗ ಸಾಲದೆ ಹೋಗಬಹುದು. ಸ್ವಿಫ್ಟ್ ಓಡಿಸಲು ಸೊಗಸಾದ ಗಾಡಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಸೊಗಸು ಹೆಚ್ಚಾಗಿ ಮುಂದಿನ ಸೀಟಿನವರ ಪಾಲಿಗೆ.

ಚೀಲದ ಮಾತು ಬಂತಲ್ಲ. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಮಗಳಿಗೋ ಮಗನಿಗೋ ಜೋಳ, ಅಕ್ಕಿ, ಚಟ್ನಿಪುಡಿ, ರೊಟ್ಟಿಯ ಗಂಟು ಒಯ್ಯುವ ಮನೆಗಳಿವೆ. ಆಲ್ಟೊ ಡಿಕ್ಕಿ 214 ಲೀಟರಿನದು. ಒಂದು ಜೋಳದ ಚೀಲ, ಒಂದು ಬ್ಯಾಗು ಇಟ್ಟರೆ ಮುಗಿಯಿತು, ಉಳಿದದ್ದು ಹಿಂದಿನ ಸೀಟಿನವರ ಕಾಲ ಬುಡಕ್ಕೆ ಬರುತ್ತದೆ. ಸಿಎನ್‌ಜಿ ಮಾದರಿ ಕೊಂಡರೆ ಎರಡೂ ಕಾರಿನ ಡಿಕ್ಕಿಯಲ್ಲಿ ಸಿಲಿಂಡರ್ ಕೂರುತ್ತದೆ, ಜಾಗದ ಲೆಕ್ಕ ಅಲ್ಲಿಗೇ ಮುಗಿಯಿತು. ಕಿಲೋಗೆ 33-34 ಕಿಲೋಮೀಟರ್ ಎಂಬ ಕಂಪನಿಯ ಅಂಕಿ ಕಣ್ಣು ಕುಕ್ಕುವಂಥದ್ದೇ. ದಿನಾ ಓಡಾಡುವ ದಾರಿಯಲ್ಲೇ ಸಿಎನ್‌ಜಿ ಬಂಕು ಇದ್ದವರಿಗೆ, ತಿಂಗಳಿಗೆ ಒಂದೂವರೆ ಎರಡು ಸಾವಿರ ಕಿಲೋಮೀಟರ್ ಓಡುವವರಿಗೆ ಅದು ಸರಿ. ಗ್ಯಾಸಿಗಾಗಿ ಇಪ್ಪತ್ತು ಕಿಲೋಮೀಟರ್ ಹೋಗಿ ಸಾಲು ಹಚ್ಚುವವರಿಗೆ ಅಲ್ಲ.

ದೊಡ್ಡ ಕಾರು ಬೇಕೆನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ ಗುಡ್ಡ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಮನೆಮಂದಿಯೆಲ್ಲ ಹೋಗಬೇಕು. ಪಾತ್ರೆಪಗಡೆ, ಒಲೆ, ಹಿಟ್ಟು, ಬೆಲ್ಲ, ಹಾಸಿಗೆ ಎಲ್ಲ ಹೊರಬೇಕು. ಜೋಗುಳಬಾವಿಯಲ್ಲಿ ಮಿಂದು, ಮೇಲೆ ಅಡುಗೆ ಮಾಡಿ, ಪಡ್ಡಲಗಿ ತುಂಬಿಸಿ ಬರಬೇಕು. ಈ ಪ್ರಯಾಣಕ್ಕೆ ಯಾವ ಹ್ಯಾಚ್‌ಬ್ಯಾಕೂ ಸಾಲುವುದಿಲ್ಲ, ವ್ಯಾಗನ್‌ಆರ್ ಕೂಡ ಸಾಲುವುದಿಲ್ಲ. ಹತ್ತು ಹನ್ನೆರಡು ಮಂದಿ ಹೋಗುವ ದಿನಕ್ಕೆ ಬಾಡಿಗೆಯ ಕ್ರೂಸರ್ ಇದೆ, ಟ್ರ್ಯಾಕ್ಟರ್ ಇದೆ, ಇನ್ನೂ ಚಕ್ಕಡಿ ಕಟ್ಟಿಕೊಂಡು ಬರುವ ಮನೆತನಗಳೂ ಇವೆ. ವರ್ಷಕ್ಕೆ ಎರಡು ಮೂರು ದಿನದ ಜಾತ್ರೆಯ ಲೆಕ್ಕ ಹಿಡಿದು ಉಳಿದ ಮುನ್ನೂರ ಅರವತ್ತು ದಿನದ ಗಾಡಿಯನ್ನು ನಿರ್ಧರಿಸುವುದು ಸರಿಯಲ್ಲ. ಐದು ಮಂದಿಯ ಕಾರಿನಲ್ಲಿ ಎಂಟು ಮಂದಿಯನ್ನು ತುಂಬಿ ಗುಡ್ಡದ ಏರು ಹತ್ತಿಸುವುದನ್ನು ಹುಣ್ಣಿಮೆಯ ದಿನಗಳಲ್ಲಿ ನೋಡಿದವರಿಗೆ ಎದೆ ಝಲ್ ಎನ್ನುತ್ತದೆ. ಅಷ್ಟು ಭಾರದಲ್ಲಿ ಇಳಿಜಾರಿಗೆ ಬ್ರೇಕು ಕಾಯ್ದು ಹಿಡಿತ ಸಡಿಲಾಗುತ್ತದೆ.

ಹೊಲದ ದಾರಿ ಬೇರೆಯದೇ ಪರೀಕ್ಷೆ. ಸೀಗಿ ಹುಣ್ಣಿಮೆಗೋ ಎಳ್ಳ ಅಮಾವಾಸ್ಯೆಗೋ ಚರಗ ಚೆಲ್ಲಲು ಬುತ್ತಿ ಹೊತ್ತು ಹೋಗುವಾಗ ಕಾರನ್ನು ಹೊಲದವರೆಗೆ ಒಯ್ಯುವ ಆಸೆ ಯಾರಿಗಿಲ್ಲ? ಎರೆ ಭೂಮಿಯ ದಾರಿಯಲ್ಲಿ ಟ್ರ್ಯಾಕ್ಟರಿನ ಗಾಲಿ ಎರಡೂ ಬದಿ ತಗ್ಗು ಕೊರೆದಿರುತ್ತದೆ, ನಡುವೆ ಮಣ್ಣಿನ ದಿಂಡು ಎದ್ದು ಒಣಗಿ ಕಲ್ಲಿನಂತಾಗಿರುತ್ತದೆ. ಕಾರಿನ ಹೊಟ್ಟೆಗೆ ತಾಗುವುದು ಆ ದಿಂಡು. ಶೋರೂಮಿನವರು ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಸಾಮಾನ್ಯವಾಗಿ ಖಾಲಿ ಗಾಡಿಯದು. ಐದು ಮಂದಿ ಕೂತು ಡಿಕ್ಕಿ ತುಂಬಿದ ಮೇಲೆ ಸ್ಪ್ರಿಂಗು ಕುಗ್ಗಿ ಅದು ಇಳಿಯುತ್ತದೆ. ವ್ಯಾಗನ್‌ಆರ್ ನೋಡಲು ಎತ್ತರ ಎಂದು ಅದರ ಹೊಟ್ಟೆಯೂ ಅಷ್ಟೇ ಎತ್ತರದಲ್ಲಿದೆ ಎಂದು ತಿಳಿಯಬೇಡಿ. ಅದರ ಎತ್ತರ ಇರುವುದು ಸೂರಿನಲ್ಲಿ ಮತ್ತು ಸೀಟಿನಲ್ಲಿ. ಮಳೆ ಬಿದ್ದ ಎರೆಯಲ್ಲಂತೂ ಎರಡೂ ಒಂದೇ: ಜಿಗಟು ಮಣ್ಣು ಟೈರಿಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಮುಂಗಾರಿನಲ್ಲಿ ಕಾರು ಡಾಂಬರಿನ ಮೇಲೆ ನಿಲ್ಲಲಿ, ಬುತ್ತಿ ತಲೆಯ ಮೇಲೆ ಹೋಗಲಿ.

ಆಲ್ಟೊ ಗೆಲ್ಲುವ ಜಾಗಗಳೂ ಇವೆ. ಹಳೆಯ ಊರುಗಳಲ್ಲಿ ಅಗಸಿ ದಾಟಿ ಓಣಿಯೊಳಗೆ ಹೊಕ್ಕರೆ 13 ಸೆಂಟಿಮೀಟರ್ ಅಗಲ ಬಹಳ ದೊಡ್ಡದು. ಒಂದು ಬದಿ ಕಟ್ಟೆ, ಇನ್ನೊಂದು ಬದಿ ಗಟಾರ, ಎದುರಿಗೆ ಎಮ್ಮೆ. ಆಲ್ಟೊ ತಿರುಗಲು 4.5 ಮೀಟರ್ ತ್ರಿಜ್ಯ ಸಾಕು, ವ್ಯಾಗನ್‌ಆರ್‌ಗೆ 4.7 ಬೇಕು. ಹೊಸದಾಗಿ ಡ್ರೈವಿಂಗ್ ಕಲಿತವರಿಗೆ, ಅದರಲ್ಲೂ ಸ್ಕೂಟಿಯಿಂದ ಕಾರಿಗೆ ಬರುವ ಶಿಕ್ಷಕಿಯರಿಗೆ, ಬ್ಯಾಂಕಿನ ನೌಕರರಿಗೆ ಆಲ್ಟೊ ಬೇಗ ಕೈಹಿಡಿಯುತ್ತದೆ. ಅದೇ ಎಂಜಿನ್ ಕಡಿಮೆ ತೂಕವನ್ನು ಎಳೆಯುವುದರಿಂದ ಒಬ್ಬರೋ ಇಬ್ಬರೋ ಇದ್ದಾಗ ಅದು ಚುರುಕಾಗಿಯೇ ಓಡುತ್ತದೆ. ಧಾರವಾಡದಲ್ಲಿ ಮನೆ ಮಾಡಿ ಸವದತ್ತಿಗೋ ಬೈಲಹೊಂಗಲಕ್ಕೋ ದಿನಾ ಹೋಗಿಬರುವ ಒಬ್ಬಂಟಿ ಪ್ರಯಾಣಿಕರಿಗೆ ಖಾಲಿ ಹಿಂದಿನ ಸೀಟಿನ ಎತ್ತರಕ್ಕಾಗಿ ಒಂದೂಕಾಲು ಲಕ್ಷ ಹೆಚ್ಚು ಕೊಡಿ ಎಂದು ನಾನು ಹೇಳಲಾರೆ.

ಹೆದ್ದಾರಿಯಲ್ಲಿ ಎತ್ತರದ ಹಗುರ ಕಾರಿಗೆ ಒಂದು ಅನಾನುಕೂಲವಿದೆ. ಕಿತ್ತೂರಿನ ಬಯಲಿನಲ್ಲಿ ಆಷಾಢದ ಗಾಳಿ ಅಡ್ಡ ಬೀಸುವಾಗ, ದೊಡ್ಡ ಲಾರಿ ಪಕ್ಕದಲ್ಲೇ ಹಾದುಹೋದಾಗ ವ್ಯಾಗನ್‌ಆರ್ ತುಯ್ದಾಡುತ್ತದೆ. 80ರೊಳಗೆ ಓಡಿಸಿದರೆ ಭಯವಿಲ್ಲ. ಐದು ಮಂದಿ ಕೂತು ಏಸಿ ಹಾಕಿದಾಗ ಒಂದು ಲೀಟರಿನ ಎಂಜಿನ್ ಏದುಸಿರು ಬಿಡುತ್ತದೆ ಎಂಬುದೂ ನಿಜ. ವ್ಯಾಗನ್‌ಆರ್‌ನಲ್ಲಿ 1.2 ಲೀಟರಿನ, ನಾಲ್ಕು ಸಿಲಿಂಡರಿನ, ಸುಮಾರು 90 ಅಶ್ವಶಕ್ತಿಯ ಇನ್ನೊಂದು ಎಂಜಿನ್ ಸಿಗುತ್ತದೆ. ತುಂಬಿದ ಗಾಡಿಯಲ್ಲಿ ಬೆಳಗಾವಿ, ಹುಬ್ಬಳ್ಳಿ ಓಡಾಟ ಹೆಚ್ಚಿದ್ದವರು ಅದನ್ನೇ ನೋಡಬೇಕು. ಕಬ್ಬಿನ ಎರಡು ಟ್ರೇಲರಿನ ಟ್ರ್ಯಾಕ್ಟರನ್ನು ದಾಟಲು ಎದುರು ಪಥದಲ್ಲಿ ಇರಬೇಕಾದ ಹೊತ್ತು ಅದರಲ್ಲಿ ಕಡಿಮೆಯಾಗುತ್ತದೆ.

ಕಬ್ಬಿನ ಟ್ರೇಲರುಗಳ ವಿಷಯ ಇಷ್ಟಕ್ಕೇ ಬಿಡುವಂಥದ್ದಲ್ಲ. ಕಾರ್ಖಾನೆಗಳು ನುರಿಯಲು ಶುರು ಮಾಡಿದ ದಿನದಿಂದ ಮಾರ್ಚ್‌ವರೆಗೆ ಮುನವಳ್ಳಿ, ಎಂ.ಕೆ. ಹುಬ್ಬಳ್ಳಿ, ಖಾನಪೇಟೆ ಸುತ್ತಲಿನ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸುವವರ ದೊಡ್ಡ ಅಪಾಯ ಅದೇ. ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಅಂಚು ಮೀರಿ ಚಾಚಿದ ಕಬ್ಬಿನ ಗಳ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಇಂಥ ರಸ್ತೆಗೆ ಕಾರು ಆರಿಸುವಾಗ ಅದರ ದೇಹ ಎಷ್ಟು ಗಟ್ಟಿ ಎಂದು ಕೇಳದೆ ಇರುವುದು ಹೇಗೆ?

ಇಲ್ಲಿ ಎರಡೂ ಕಾರಿನ ಬಗ್ಗೆ ಒಳ್ಳೆಯ ಸುದ್ದಿಯಿಲ್ಲ. 2023ರ ಏಪ್ರಿಲ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪ್ರಕಟಿಸಿದ ಗುದ್ದಿನ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಆಲ್ಟೊ ಕೆ10 ಪಡೆದದ್ದು ಐದರಲ್ಲಿ ಎರಡು ನಕ್ಷತ್ರ, ವ್ಯಾಗನ್‌ಆರ್ ಒಂದೇ ಒಂದು. ಮಕ್ಕಳ ರಕ್ಷಣೆಗೆ ಎರಡಕ್ಕೂ ಸೊನ್ನೆ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಾಲನ್ನು ತಡೆಗೆ ಗುದ್ದಿಸುವ ಪರೀಕ್ಷೆ ಅದರಲ್ಲಿತ್ತು. ದೊಡ್ಡ ಕಾರು ಹೆಚ್ಚು ಭದ್ರ ಎಂದು ನಂಬಿದವರು ಈ ಫಲಿತಾಂಶವನ್ನು ಎರಡು ಸಲ ಓದಬೇಕು. ಆಮೇಲೆ 2025ರಲ್ಲಿ ಕಂಪನಿ ಎರಡೂ ಕಾರುಗಳ ಎಲ್ಲ ಮಾದರಿಗಳಿಗೆ ಆರು ಏರ್‌ಬ್ಯಾಗ್ ಕೊಟ್ಟಿತು. ಅದು ಒಳ್ಳೆಯ ಹೆಜ್ಜೆ, ಹಳೆಯ ಎರಡು ಏರ್‌ಬ್ಯಾಗಿನ ಗಾಡಿಗಿಂತ ಇವತ್ತಿನದು ವಾಸಿ. ಆದರೆ ಏರ್‌ಬ್ಯಾಗು ಕಾರಿನ ಚೌಕಟ್ಟನ್ನು ಗಟ್ಟಿ ಮಾಡುವುದಿಲ್ಲ.

ಇವೆರಡರ ನಡುವಿನ ಬೆಲೆಗೆ ಟಾಟಾ ಟಿಯಾಗೊ ಇದೆ. 2020ರ ಜನವರಿಯಲ್ಲಿ, ಇಷ್ಟು ಕಠಿಣವಲ್ಲದ ಆಗಿನ ನಿಯಮದ ಪರೀಕ್ಷೆಯಲ್ಲಿ, ದೊಡ್ಡವರ ರಕ್ಷಣೆಗೆ ಅದು ನಾಲ್ಕು ನಕ್ಷತ್ರ ಪಡೆದಿತ್ತು. ಅದರ ಎತ್ತರ 1,535 ಮಿಲಿಮೀಟರ್, ಡಿಕ್ಕಿ 242 ಲೀಟರ್. ಅಂದರೆ ಹತ್ತಿ ಇಳಿಯುವ ಅನುಕೂಲದಲ್ಲಿ ಅದು ಆಲ್ಟೊದ ಜೊತೆಗಾರ. ದಿನಾ ಹೆದ್ದಾರಿ 48ರಲ್ಲಿ ಓಡಾಡುವವರು, ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಪ್ರಯಾಣ ತಪ್ಪದವರು ನನ್ನನ್ನು ಕೇಳಿದರೆ ಆಲ್ಟೊ, ವ್ಯಾಗನ್‌ಆರ್ ಎರಡನ್ನೂ ಬದಿಗಿಟ್ಟು ಟಿಯಾಗೊ ನೋಡಿ ಎನ್ನುತ್ತೇನೆ. ಹಿರಿಯರ ಮೊಣಕಾಲಿಗೂ ಕಾರಿನ ಗಟ್ಟಿತನಕ್ಕೂ ಒಟ್ಟಿಗೆ ನ್ಯಾಯ ಕೊಡುವ ಗಾಡಿ ಈ ಬೆಲೆಯಲ್ಲಿ ನನಗಂತೂ ಕಾಣುತ್ತಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಬಿಡಬೇಕು, ಯಾವುದು ಎಂಬುದನ್ನು ಆಯಾ ಮನೆಯ ಓಡಾಟ ಹೇಳುತ್ತದೆ.

ಯಾವ ಕಾರು ತಂದರೂ ಒಂದು ರೂಢಿ ಬಿಡಲೇಬೇಕು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡು ಹೋಗುವುದು ಈ ಕಡೆ ಪ್ರೀತಿಯ ಗುರುತು. ಅಪಘಾತದಲ್ಲಿ ಏರ್‌ಬ್ಯಾಗು ಕಣ್ಣು ಮಿಟುಕಿಸುವುದರೊಳಗೆ ಸ್ಫೋಟಿಸಿ ಹೊರಬರುತ್ತದೆ. ದೊಡ್ಡವರ ಎದೆ ಉಳಿಸಲು ಮಾಡಿದ ಆ ಚೀಲ, ಅದಕ್ಕೂ ದೊಡ್ಡವರಿಗೂ ನಡುವೆ ಇರುವ ಮಗುವಿನ ಜೀವ ತೆಗೆಯಬಲ್ಲದು. ಮಗು ಹಿಂದಿನ ಸೀಟಿನಲ್ಲಿ, ಸಾಧ್ಯವಾದರೆ ಮಕ್ಕಳ ಸೀಟಿನಲ್ಲಿ, ಕೂರಬೇಕು. ಹಿಂದೆ ಕೂತ ದೊಡ್ಡವರೂ ಬೆಲ್ಟು ಹಾಕಬೇಕು. ವೇಗ 60ರಿಂದ 80ಕ್ಕೆ ಏರಿದರೆ ಗುದ್ದಿನ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ ಎಂಬ ಭೌತಶಾಸ್ತ್ರ ಒಂದು ನಕ್ಷತ್ರದ ಕಾರಿಗೂ ಐದು ನಕ್ಷತ್ರದ ಕಾರಿಗೂ ಒಂದೇ.

ಈಗ ಅಪ್ಪನ ಲೆಕ್ಕ. ಹೊಸ ಜಿಎಸ್‌ಟಿ ಬಂದಾಗ ಪ್ರಕಟವಾದ ಆರಂಭಿಕ ಶೋರೂಮ್ ಬೆಲೆ ಆಲ್ಟೊ ಕೆ10ಕ್ಕೆ 3,69,900 ರೂಪಾಯಿ, ವ್ಯಾಗನ್‌ಆರ್‌ಗೆ 4,98,900. ಅಂತರ 1,29,000. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ರೈತರ ಹೋರಾಟದ ನಂತರ ಸರ್ಕಾರ ಹೇಳಿದ ಟನ್ನಿಗೆ 3,300 ರೂಪಾಯಿಯ ದರ ಹಿಡಿದರೆ ಅದು 39 ಟನ್ ಕಬ್ಬು, ನೀರಾವರಿಯ ಒಂದು ಎಕರೆಯ ಒಳ್ಳೆಯ ಫಸಲು. ಬೀಜ, ಗೊಬ್ಬರ, ಕಟಾವಿನ ಖರ್ಚು ಕಳೆದರೆ ಒಂದು ಎಕರೆಯಲ್ಲಿ ಅದು ಹುಟ್ಟುವುದಿಲ್ಲ. ಸಾಲದ ಮೇಲೆ ತೆಗೆದುಕೊಂಡರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ, ಈ ಅಂತರಕ್ಕೇ ತಿಂಗಳಿಗೆ ಸುಮಾರು 2,680 ರೂಪಾಯಿ ಕಂತು. ತಿಂಗಳ ಸಂಬಳದವರಿಗೆ ಇದು ಹೊರಬಲ್ಲ ಭಾರ. ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ಬಿಲ್ಲು ಯಾವಾಗ ಬಂತು ಎಂದು ರೈತರನ್ನೇ ಕೇಳಬೇಕು. ಬೆಳೆಯ ದುಡ್ಡಿನವರು ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಸೌಲಭ್ಯ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ ಬರೆಸಿಕೊಳ್ಳಲಿ.

ಶೋರೂಮ್ ಬೆಲೆಯ ಮೇಲೆ ಜೀವಾವಧಿ ರಸ್ತೆ ತೆರಿಗೆ ಇದೆ. ಕರ್ನಾಟಕದಲ್ಲಿ ಐದು ಲಕ್ಷದವರೆಗಿನ ಕಾರಿಗೆ ಶೇ 13, ಐದರಿಂದ ಹತ್ತು ಲಕ್ಷಕ್ಕೆ ಶೇ 14, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಸೆಸ್. ಆಲ್ಟೊದ ಆರಂಭಿಕ ಮಾದರಿಗೆ ಇದು ಸುಮಾರು 53 ಸಾವಿರ, ವ್ಯಾಗನ್‌ಆರ್‌ಗೆ ಸುಮಾರು 72 ಸಾವಿರ. ವ್ಯಾಗನ್‌ಆರ್‌ನ ಮೇಲಿನ ಮಾದರಿಗಳು ಐದು ಲಕ್ಷದ ಗೆರೆ ದಾಟುತ್ತವೆ, ದಾಟಿದ ಕೂಡಲೇ ಇಡೀ ಬೆಲೆಗೆ ಶೇ 14ರ ದರ ಬೀಳುತ್ತದೆ. ಆಮೇಲೆ ವಿಮೆ. ಅತಿ ಅಗ್ಗದ ಮಾದರಿಯಲ್ಲಿ ಏಸಿ, ಪವರ್ ಸ್ಟಿಯರಿಂಗ್ ಇವೆಯೇ ಎಂದು ಬಾಯಿಬಿಟ್ಟು ಕೇಳಿ. ಜಾಹೀರಾತಿನ ಬೆಲೆಯ ಗಾಡಿ ಮತ್ತು ಶೋರೂಮಿನಲ್ಲಿ ನಿಲ್ಲಿಸಿದ ಗಾಡಿ ಒಂದೇ ಅಲ್ಲದಿರಬಹುದು.

ಹಳೆಯ ಗಾಡಿ ಕೊಳ್ಳುವವರಿಗೆ ಎರಡೇ ಮಾತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸುರೇಬಾನ ಕಡೆ ನೀರು ನುಗ್ಗಿತ್ತು. ಅದಕ್ಕೂ ಹಿಂದಿನ ಕಾರಾದರೆ ಸೀಟಿನ ಕೆಳಗಿನ ಲೋಹಕ್ಕೆ ತುಕ್ಕು, ಬೆಲ್ಟಿನ ಬುಡದಲ್ಲಿ ಮಣ್ಣಿನ ಗುರುತು ಇದೆಯೇ ಎಂದು ಮಿಸ್ತ್ರಿಯಿಂದ ನೋಡಿಸಿ. ಇನ್ನೊಂದು, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್, ನಮ್ಮದೇ ಕಬ್ಬಿನಿಂದಲೂ ಬಂದದ್ದು. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಎವರೇಜ್ ಕೊಂಚ ಇಳಿಯುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಇದಕ್ಕೆ ಹೊಂದುವಂಥವು. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಪೈಪು, ವಾಷರುಗಳನ್ನು ನೋಡಿಸಿಕೊಂಡು ಬೆಲೆ ಮಾತಾಡಿ.

ಎತ್ತು ಕೊಳ್ಳಲು ಸಂತೆಗೆ ಹೋದ ರೈತ ಹಲ್ಲು ನೋಡಿ, ಗೊರಸು ನೋಡಿ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸದೆ ದುಡ್ಡು ಬಿಚ್ಚುವುದಿಲ್ಲ. ಅದೇ ಮನೆಯವರು ಐದು ಲಕ್ಷದ ಕಾರನ್ನು ಹುಬ್ಬಳ್ಳಿಯ ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ಒಪ್ಪಿಕೊಂಡು ಬರುತ್ತಾರೆ. ಟೆಸ್ಟ್ ಡ್ರೈವಿಗೆ ಓಡಿಸುವವರೊಬ್ಬರೇ ಹೋಗಬೇಡಿ. ಅಜ್ಜಿಯನ್ನು, ತಾಯಿಯನ್ನು ಕರೆದೊಯ್ಯಿರಿ. ಹಿಂದಿನ ಸೀಟಿಗೆ ಅವರು ಯಾರ ಕೈಯನ್ನೂ ಹಿಡಿಯದೆ ಹತ್ತಲಿ, ಇಳಿಯಲಿ, ಮತ್ತೆ ಹತ್ತಲಿ. ಮೂವರು ಹಿಂದೆ ಕೂತು ನಡುವಿನವರ ಹೆಗಲಿಗೆ ಎಷ್ಟು ಜಾಗ ಸಿಗುತ್ತದೆ ನೋಡಿ, ಅವರಿಗೆ ಬೆಲ್ಟು ಸರಿಯಾಗಿ ಬರುತ್ತದೆಯೇ ನೋಡಿ. ಎಲ್ಲರೂ ಕೂತ ಮೇಲೆ ಒಂದು ಹಂಪ್ಸ್ ದಾಟಿಸಿ, ತಳ ತಾಗಿದ ಸದ್ದು ಕೇಳುತ್ತದೆಯೇ ಗಮನಿಸಿ. ಏಸಿ ಹಾಕಿ ಏರು ಹತ್ತಿಸಿ. ಸಾಧ್ಯವಾದರೆ ಸಂಜೆ ಹೋಗಿ, ಕತ್ತಲಾದ ಮೇಲೆ ಹೆಡ್‌ಲೈಟು ಎಷ್ಟು ದೂರ ಬೆಳಗುತ್ತದೆ ಎಂದು ನೋಡಿಕೊಳ್ಳಿ, ಕಬ್ಬಿನ ದಾರಿಯವರಿಗೆ ಇದು ಮುಖ್ಯ. ಮನೆಯ ಓಣಿಯ ಅತಿ ಇಕ್ಕಟ್ಟಿನ ಜಾಗವನ್ನು ಟೇಪಿನಲ್ಲಿ ಅಳೆದುಕೊಂಡೇ ಹೊರಡಿ, ಕಾರಿನ ಕನ್ನಡಿಗಳಿಗೆ ಎರಡೂ ಬದಿ ಇನ್ನಷ್ಟು ಜಾಗ ಬೇಕು ಎಂಬುದು ನೆನಪಿರಲಿ. ಸರ್ವೀಸ್ ಬೈಲಹೊಂಗಲದಲ್ಲೇ ಆಗುತ್ತದೆಯೋ, ಪ್ರತಿ ಸಲ ಧಾರವಾಡ, ಬೆಳಗಾವಿಗೆ ಹೋಗಬೇಕೋ ಎಂಬುದನ್ನು ಬುಕಿಂಗ್ ದುಡ್ಡು ಕಟ್ಟುವ ಮೊದಲೇ ಕೇಳಿ. ನೋಂದಣಿಯ ಕೆಲಸಕ್ಕೆ ಬೈಲಹೊಂಗಲದಲ್ಲೇ ಕೆಎ 24ರ ಆರ್‌ಟಿಒ ಕಚೇರಿ ಇದೆ. ಗಾಡಿ ಕೈಗೆ ತೆಗೆದುಕೊಳ್ಳುವ ದಿನ ತಯಾರಾದ ತಿಂಗಳು, ಚಾಸಿ ನಂಬರು, ಸ್ಟೆಪ್ನಿ, ಜಾಕು ಎಲ್ಲವನ್ನೂ ಹಗಲಿನಲ್ಲಿ, ಕಾಗದದ ಜೊತೆ ಹೋಲಿಸಿ ನೋಡಿ ಸಹಿ ಮಾಡಿ.